ಪಿಕಪ್ ಗಾಡಿಯ ಕಂಪನಿ ಟೈರು ಎಷ್ಟು ಬಾಳಿಕೆ ಬರುತ್ತದೆ? ಮಲೆನಾಡಿನ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ, ಶುಂಠಿ, ಗೊಬ್ಬರ, ಜಂಬಿಟ್ಟಿಗೆ, ಹಾಲಿನ ಕ್ಯಾನು ಸಾಗಿಸುವ ಸಣ್ಣ ಸರಕು ಗಾಡಿಗಳನ್ನೂ, ಸ್ವಂತ ಬಳಕೆಯ ದೊಡ್ಡ ಪಿಕಪ್‌ಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇವೆ. ಬೊಲೆರೊ ಪಿಕಪ್, ದೋಸ್ತ್, ಯೋಧ, ಇಂಟ್ರಾ, ಏಸ್, ವಿ-ಕ್ರಾಸ್, ಹೈಲಕ್ಸ್ ಯಾವುದೇ ಇರಲಿ, ಟೈರು ಸವೆಯುವ ಕಾರಣಗಳು ಒಂದೇ.

ಹೊಸ ಗಾಡಿಯ ಜೊತೆ ಬಂದ ಟೈರು ಎಷ್ಟು ಕಿಲೋಮೀಟರ್ ಓಡುತ್ತದೆ?

ಶಿವಮೊಗ್ಗ, ಭದ್ರಾವತಿ, ತರೀಕೆರೆ ಕಡೆಯ ಸಪಾಟು ರಸ್ತೆಯಲ್ಲಿ ಮಿತಿಯೊಳಗೆ ಲೋಡ್ ಹಾಕಿ, ಗಾಳಿ ಸರಿಯಾಗಿಟ್ಟು ಓಡಿಸಿದರೆ ಸರಕು ಗಾಡಿಯ ರೇಡಿಯಲ್ (ಗೆರೆಯ ಅಡಿ ಉಕ್ಕಿನ ಪದರವಿರುವ) ಟೈರು ಸುಮಾರು 40,000ದಿಂದ 60,000 ಕಿ.ಮೀ. ಬರುತ್ತದೆ. ಅದೇ ಗಾಡಿ ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ತಿರುವು ರಸ್ತೆಯಲ್ಲಿ ದಿನವೂ ಲೋಡ್ ಹೊತ್ತು, ಅರ್ಧ ದಾರಿ ತೋಟದ ಮಣ್ಣಿನ ಹಾದಿಯಲ್ಲೇ ಓಡಿದರೆ 25,000ದಿಂದ 40,000 ಕಿ.ಮೀ. ಎಂದು ಲೆಕ್ಕ ಹಾಕಿಕೊಳ್ಳಿ. ಹೆಚ್ಚಾಗಿ ಖಾಲಿಯೇ ಓಡುವ ವಿ-ಕ್ರಾಸ್, ಹೈಲಕ್ಸ್‌ನಂಥ ಸ್ವಂತ ಗಾಡಿಗಳಲ್ಲಿ 50,000 ದಾಟುವುದು ಅಪರೂಪವಲ್ಲ.

ಇವೆಲ್ಲ ಅಂದಾಜು. ಒಂದೇ ದಿನ ಒಂದೇ ಷೋರೂಮಿನಿಂದ ಹೊರಬಿದ್ದ ಎರಡು ಗಾಡಿಗಳಲ್ಲಿ ಒಂದರ ಟೈರು ಇನ್ನೊಂದರ ಅರ್ಧದಷ್ಟೂ ಬಾಳದೆ ಹೋಗಬಹುದು. ಪಕ್ಕದ ಮನೆಯವರ ಕಿಲೋಮೀಟರ್ ಕೇಳಿ ಪ್ರಯೋಜನವಿಲ್ಲ. ನಿಮ್ಮ ಟೈರು ಸಾವಿರ ಕಿಲೋಮೀಟರಿಗೆ ಎಷ್ಟು ಮಿಲಿಮೀಟರ್ ಸವೆಯುತ್ತಿದೆ ಎಂಬುದನ್ನು ಅಳೆಯಿರಿ. ಖಚಿತ ಉತ್ತರ ಅಲ್ಲಿಂದ ಮಾತ್ರ ಸಿಗುತ್ತದೆ.

ಅದನ್ನು ಅಳೆಯುವುದು ಹೇಗೆ?

ಟ್ರೆಡ್ ಡೆಪ್ತ್ ಗೇಜ್ ಎಂಬ ಪುಟ್ಟ ಉಪಕರಣ ಆಟೋ ಬಿಡಿಭಾಗದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಅದರ ಸೂಜಿಯನ್ನು ಟೈರಿನ ಗೆರೆಯೊಳಗೆ ಇಳಿಸಿ, ಪಾದವನ್ನು ಎರಡೂ ಬದಿಯ ರಬ್ಬರಿನ ಮೇಲೆ ಒತ್ತಿ ಹಿಡಿದರೆ ಆಳ ಮಿಲಿಮೀಟರಿನಲ್ಲಿ ತೋರುತ್ತದೆ. ಒಂದು ಟೈರಿನಲ್ಲಿ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಅಳೆಯಿರಿ. ಟೈರನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಿರಿ. ಗೆರೆಯೊಳಗೆ ಅಲ್ಲಲ್ಲಿ ಎದ್ದಿರುವ ಸಣ್ಣ ದಿಬ್ಬದ ಮೇಲೆ ಸೂಜಿ ಕೂರದಂತೆ ನೋಡಿಕೊಳ್ಳಿ. ಅದು ಸವೆತದ ಗುರುತು, ಅದರ ಮೇಲಿಟ್ಟರೆ ಅಳತೆ ತಪ್ಪುತ್ತದೆ.

ಒಂದು ಉದಾಹರಣೆ. ಹೊಸದರಲ್ಲಿ ಗೆರೆಯ ಆಳ 9 ಮಿ.ಮೀ. ಇತ್ತು, 12,000 ಕಿ.ಮೀ. ಆದ ಮೇಲೆ 6.6 ಮಿ.ಮೀ. ಉಳಿದಿದೆ ಎಂದುಕೊಳ್ಳಿ. ಸವೆದದ್ದು 2.4 ಮಿ.ಮೀ., ಅಂದರೆ 1 ಮಿ.ಮೀ.ಗೆ 5,000 ಕಿ.ಮೀ. ಇದೇ ವೇಗದಲ್ಲಿ ಸವೆದರೆ 3 ಮಿ.ಮೀ. ಮುಟ್ಟುವಾಗ ಮೀಟರ್ 30,000 ತೋರಿಸುತ್ತದೆ, 1.6 ಮಿ.ಮೀ. ಮುಟ್ಟುವಾಗ 37,000. ಸರಕು ಗಾಡಿಯ ಹೊಸ ಟೈರುಗಳಲ್ಲಿ ಆಳ ಸಾಮಾನ್ಯವಾಗಿ 8ರಿಂದ 10 ಮಿ.ಮೀ. ಇರುತ್ತದೆ, ಮಣ್ಣಿನ ಹಿಡಿತಕ್ಕೆ ದಪ್ಪ ರಬ್ಬರು ಉಬ್ಬುಗಳಿರುವ ಕಚ್ಚು ಟೈರುಗಳಲ್ಲಿ ಇನ್ನೂ ಹೆಚ್ಚು. ನಿಮ್ಮ ಟೈರಿನದು ಎಷ್ಟೆಂದು ಗಾಡಿ ಮನೆಗೆ ಬಂದ ವಾರದಲ್ಲೇ ಅಳೆದು, ಆರ್‌ಸಿ ಇಡುವ ಕವರಿನೊಳಗೆ ಒಂದು ಚೀಟಿಯಲ್ಲಿ ಬರೆದಿಡಿ. ಆ ಮೊದಲ ಅಂಕಿ ಇಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ಊಹೆ.

ಕಂಪನಿ ಟೈರು ಬೇಗ ಸವೆಯುತ್ತದೆ, ಅಂಗಡಿಯಲ್ಲಿ ಕೊಂಡದ್ದು ಹೆಚ್ಚು ಬಾಳುತ್ತದೆ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಗಾಡಿ ಕಂಪನಿ ತನ್ನ ಮಾದರಿಗೆ ಇಂತಿಷ್ಟು ಮೈಲೇಜ್, ಇಂತಿಷ್ಟು ಸದ್ದು, ಇಂತಿಷ್ಟು ಬೆಲೆ ಎಂದು ಗೊತ್ತುಮಾಡಿ ಟೈರು ಕಂಪನಿಯಿಂದ ಮಾಡಿಸಿಕೊಳ್ಳುತ್ತದೆ. ಉರುಳುವಾಗಿನ ಎಳೆತ ಕಡಿಮೆ ಮಾಡಲು ಕೆಲವು ಟೈರುಗಳಲ್ಲಿ ಮೇಲ್ಪದರದ ರಬ್ಬರು ತುಸು ತೆಳ್ಳಗಿರುತ್ತದೆ. ಅಂಗಡಿಯಲ್ಲಿ ಸಿಗುವ ಅದೇ ಬ್ರಾಂಡಿನ ಬೇರೆ ವಿನ್ಯಾಸದಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚು ರಬ್ಬರು ಇರಬಹುದು, ಅಷ್ಟರ ಮಟ್ಟಿಗೆ ಅದು ಹೆಚ್ಚು ಓಡುತ್ತದೆ.

ಉಳಿದರ್ಧಕ್ಕೆ ಕಾರಣ ಬೇರೆ. ಮೊದಲ ಸೆಟ್ ಓಡುವಾಗ ಹೆಚ್ಚಿನವರು ಗಾಳಿ, ಅಲೈನ್‌ಮೆಂಟ್ (ಚಕ್ರಗಳ ನೇರ), ಟೈರು ಅದಲು ಬದಲು ಇದ್ಯಾವುದನ್ನೂ ನೋಡುವುದಿಲ್ಲ. ಎರಡನೇ ಸೆಟ್ಟಿಗೆ ಕೈಯಿಂದ ದುಡ್ಡು ಕೊಟ್ಟ ಮೇಲೆ ಎಚ್ಚರ ಬರುತ್ತದೆ, ಬಾಳಿಕೆಯೂ ಏರುತ್ತದೆ. ಕೀರ್ತಿ ಮಾತ್ರ ಬ್ರಾಂಡಿಗೆ ಹೋಗುತ್ತದೆ.

ಎಷ್ಟು ಸವೆದಾಗ ಬದಲಿಸಬೇಕು? ಕಾನೂನು ಏನು ಹೇಳುತ್ತದೆ?

ಕಾನೂನಿನ ಕನಿಷ್ಠ ಆಳ 1.6 ಮಿ.ಮೀ. ಗೆರೆಯೊಳಗಿನ ಸವೆತದ ದಿಬ್ಬಗಳು ಅದೇ ಎತ್ತರದಲ್ಲಿರುತ್ತವೆ. ಸುತ್ತಲ ರಬ್ಬರು ಸವೆದು ದಿಬ್ಬಕ್ಕೆ ಸಮವಾಯಿತೆಂದರೆ ಟೈರು ಮುಗಿಯಿತು. ಟೈರಿನ ಭುಜದ (ನೆಲ ತಾಗುವ ಭಾಗ ಗೋಡೆಗೆ ಸೇರುವ ಅಂಚಿನ) ಬಳಿ ಟಿಡಬ್ಲ್ಯುಐ ಎಂದೋ ಸಣ್ಣ ತ್ರಿಕೋನವೋ ಇರುವ ಕಡೆ ನೇರಕ್ಕೆ ನೋಡಿದರೆ ದಿಬ್ಬ ಸಿಗುತ್ತದೆ.

ಮಲೆನಾಡಿಗೆ ಈ 1.6 ಸಾಲದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ, ಹುಲಿಕಲ್ ಕಡೆಯೂ ಹಾಗೆಯೇ. ಟೈರಿನ ಗೆರೆಗಳ ಕೆಲಸ ರಸ್ತೆಯ ಮೇಲಿನ ನೀರನ್ನು ಪಕ್ಕಕ್ಕೆ ತಳ್ಳುವುದು. ಆಳ 3 ಮಿ.ಮೀ.ಗಿಂತ ಇಳಿದ ಮೇಲೆ ಆ ನೀರಿಗೆ ಜಾಗ ಸಾಲದೆ ಟೈರು ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಬ್ರೇಕ್ ಒತ್ತಿದರೂ ಗಾಡಿ ನಿಲ್ಲದೆ ಜಾರುತ್ತದೆ. ನಮ್ಮ ಸಲಹೆ: ಮೇ ತಿಂಗಳಲ್ಲಿ ಅಳೆಯಿರಿ. 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಮೃಗಶಿರ ಮಳೆ ಹಿಡಿಯುವ ಮೊದಲೇ ಬದಲಿಸಿ. 3.5 ಇದ್ದು ಮಳೆಗಾಲದಲ್ಲಿ 5,000 ಕಿ.ಮೀ. ಓಡುವ ಗಾಡಿಯಾದರೆ ಆಗಲೂ ಬದಲಿಸುವುದೇ ಲೇಸು, ಯಾಕೆಂದರೆ ಮೇಲಿನ ಉದಾಹರಣೆಯ ವೇಗದಲ್ಲಿ ಸವೆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಅದು 2.5ಕ್ಕೆ ಇಳಿದಿರುತ್ತದೆ. ದೀಪಾವಳಿ ಕಳೆದ ಮೇಲೆ ಅಳೆದಾಗ 3 ಇದ್ದರೆ ಬೇಸಿಗೆಯನ್ನು ಅದರಲ್ಲೇ ಕಳೆಯಬಹುದು.

ಗಾಳಿ ಎಷ್ಟು ಇಡಬೇಕು?

ಡ್ರೈವರ್ ಬದಿಯ ಬಾಗಿಲ ಕಂಬದಲ್ಲೋ ಮ್ಯಾನುಯಲ್‌ನಲ್ಲೋ ಇರುವ ಪಟ್ಟಿಯೇ ಪ್ರಮಾಣ. ಸರಕು ಗಾಡಿಗಳಲ್ಲಿ ಮುಂದೆ ಮತ್ತು ಹಿಂದೆ ಅಂಕಿ ಬೇರೆ ಇರುತ್ತದೆ. ಕೆಲವು ಕಂಪನಿಗಳು ಖಾಲಿ ಮತ್ತು ಲೋಡ್ ಎಂದು ಎರಡು ಅಂಕಿ ಕೊಡುತ್ತವೆ. 8 ಪಿಆರ್ (ಪ್ಲೈ ರೇಟಿಂಗ್, ಭಾರ ಹೊರುವ ಗಟ್ಟಿತನದ ಗುರುತು) ದರ್ಜೆಯ ಸಣ್ಣ ಸರಕು ಟೈರು ಪೂರ್ತಿ ಲೋಡಿಗೆ 65 ಪಿಎಸ್‌ಐವರೆಗೂ ಕೇಳಬಹುದು. ಕಾರಿನ ಅಭ್ಯಾಸದಲ್ಲಿ ಪಂಪಿನವರು ನಾಲ್ಕಕ್ಕೂ 35 ಹೊಡೆದು ಕಳಿಸುವುದು ದಿನವೂ ನಡೆಯುತ್ತದೆ. ಹಾಗಾದ ಗಾಡಿ ಲೋಡ್ ಹೊತ್ತರೆ ಹಿಂದಿನ ಟೈರಿನ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಒಳಗೆ ಬಿಸಿ ಏರುತ್ತದೆ, ನೂಲು ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ. ಹೊರಗೆ ಎರಡೂ ಭುಜ ಸವೆದು ನಡು ಉಳಿದಿರುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಸಿಡಿಯುವುದು ಇಂಥ ಟೈರೇ.

ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಕನಿಷ್ಠ ಮೂರು ಗಂಟೆ ನಿಂತ ಮೇಲೆ. ಓಡಿ ಬಂದ ಟೈರು 5ರಿಂದ 8 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಅದನ್ನು ಕಂಡು ಗಾಳಿ ಬಿಡಿಸಬೇಡಿ. ತಣಿದ ಮೇಲೆ ಅಷ್ಟೇ ಕಡಿಮೆ ಬೀಳುತ್ತದೆ. ಹವೆಯೂ ಲೆಕ್ಕಕ್ಕೆ ಬರುತ್ತದೆ: 60 ಪಿಎಸ್‌ಐ ಇರುವ ಟೈರು 10 ಡಿಗ್ರಿ ತಣ್ಣಗಾದರೆ ಸುಮಾರು 2.5 ಪಿಎಸ್‌ಐ ಕಳೆದುಕೊಳ್ಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಹಿಡಿಸಿದ ಗಾಳಿ ಜುಲೈಗೆ ತಾನಾಗಿಯೇ ಕಡಿಮೆಯಾಗಿರುತ್ತದೆ. ಸರಕು ಗಾಡಿಗೆ ವಾರಕ್ಕೊಮ್ಮೆ, ಸ್ವಂತ ಗಾಡಿಗೆ ಹದಿನೈದು ದಿನಕ್ಕೊಮ್ಮೆ ನೋಡಿ. ಸ್ವಂತ ಗೇಜ್ ಒಂದಿರಲಿ, ಬೇರೆ ಬೇರೆ ಪಂಪಿನ ಗೇಜುಗಳು ಒಂದಕ್ಕೊಂದು ಹೊಂದುವುದಿಲ್ಲ.

ಇದರ ಉಲ್ಟಾ ತಪ್ಪೂ ಇದೆ. ಅಡಿಕೆ ಮಂಡಿಗೆ ಹಾಕಿ ಖಾಲಿ ಮರಳುವ ಗಾಡಿ, ಅಥವಾ ತಿಂಗಳಿಗೆ ಎರಡೇ ಸಲ ಲೋಡ್ ಹೊರುವ ಗಾಡಿ ಸದಾ 60 ಮೇಲೆ ಓಡಿದರೆ ಹಿಂದಿನ ಟೈರು ನೆಲಕ್ಕೆ ನಡುಭಾಗವನ್ನಷ್ಟೇ ಊರುತ್ತದೆ. ನಡು ಸವೆಯುತ್ತದೆ, ಹಿಂಭಾಗ ಕುಣಿಯುತ್ತದೆ, ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಜಾರುತ್ತದೆ. ಪಟ್ಟಿಯಲ್ಲಿ ಖಾಲಿ ಗಾಡಿಗೆ ಬೇರೆ ಅಂಕಿ ಇದ್ದರೆ, ವಾರಗಟ್ಟಲೆ ಖಾಲಿ ಓಡುವಾಗ ಅದನ್ನೇ ಇಡಿ. ಲೋಡ್ ಹಾಕುವ ಮುಂಚೆ ಮರೆಯದೆ ಏರಿಸಿ.

ನೈಟ್ರೋಜನ್ ಹಾಕಿಸಿದರೆ ಹೆಚ್ಚು ಬಾಳುತ್ತದೆಯೇ?

ಸೋರುವುದು ತುಸು ನಿಧಾನ, ಅಷ್ಟೇ. ವಾರಕ್ಕೊಮ್ಮೆ ಮಾಮೂಲಿ ಗಾಳಿ ನೋಡುವವರಿಗೆ ಅದರ ಅಗತ್ಯವಿಲ್ಲ.

ಲೋಡ್ ಸ್ವಲ್ಪ ಹೆಚ್ಚಾದರೆ ಟೈರಿಗೆ ಏನಾಗುತ್ತದೆ?

ಲೆಕ್ಕ ಮಾಡಿ ನೋಡಿ. 1,300 ಕೆ.ಜಿ. ಹೊರುವ ಪಿಕಪ್‌ಗೆ 60 ಕೆ.ಜಿ.ಯ ಶುಂಠಿ ಚೀಲ 21 ಹಾಕಿದರೆ 1,260 ಕೆ.ಜಿ., ಮಿತಿ ಅಲ್ಲಿಗೆ ಮುಗಿಯಿತು. 30 ಚೀಲ ಹೇರಿದರೆ 1,800. ಹೆಚ್ಚುವರಿ 500 ಕೆ.ಜಿ.ಯ ಬಹುಪಾಲು ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ, ಅಂದರೆ ಹಿಂದಿನ ಒಂದೊಂದು ಟೈರಿಗೂ ಇನ್ನೂರು ಕೆ.ಜಿ.ಗೂ ಮೇಲೆ. ಜಂಬಿಟ್ಟಿಗೆಯಲ್ಲಿ ಇದು ಇನ್ನೂ ಸುಲಭವಾಗಿ ಕೈ ಮೀರುತ್ತದೆ. ದೊಡ್ಡ ಕಲ್ಲು ಒಂದೊಂದೂ 30 ಕೆ.ಜಿ. ದಾಟುತ್ತದೆ, ಮಳೆಯಲ್ಲಿ ನೆನೆದದ್ದು ಇನ್ನೂ ಭಾರ. ತೊಟ್ಟಿ ಅರ್ಧವೂ ತುಂಬಿರುವುದಿಲ್ಲ, ತೂಕ ಆಗಲೇ ಮಿತಿ ಮೀರಿರುತ್ತದೆ.

ಟೈರಿನ ಗೋಡೆಯ ಮೇಲಿನ ಲೋಡ್ ಇಂಡೆಕ್ಸ್ ನೋಡಿ. ಉದಾಹರಣೆಗೆ 185 ಆರ್14 ಎಲ್‌ಟಿ (ಲೈಟ್ ಟ್ರಕ್, ಅಂದರೆ ಸಣ್ಣ ಸರಕು ಗಾಡಿಯ) ಟೈರಿನಲ್ಲಿ 102/100 ಎಂದಿದ್ದರೆ, ಒಂಟಿಯಾಗಿ ಹಾಕಿದಾಗ ಒಂದು ಟೈರು 850 ಕೆ.ಜಿ., ಜೋಡಿಯಾಗಿ ಹಾಕಿದಾಗ 800 ಕೆ.ಜಿ. ಹೊರಬಲ್ಲದು. ಅದೂ ಪೂರ್ತಿ ಗಾಳಿ ಇದ್ದಾಗ ಮಾತ್ರ. ಹೆಚ್ಚು ಲೋಡಿಗೆಂದು ಗೋಡೆಯ ಮೇಲೆ ಬರೆದ ಗರಿಷ್ಠಕ್ಕಿಂತ ಮೇಲೆ ಗಾಳಿ ತುಂಬುವುದು ಪರಿಹಾರವಲ್ಲ. ಟೈರು, ಡಿಸ್ಕ್ (ಟೈರು ಕೂರುವ ಚಕ್ರದ ರಿಮ್) ಎರಡಕ್ಕೂ ಅದು ಅಪಾಯ.

ಲೋಡನ್ನು ಎಲ್ಲಿ ಹೇರುತ್ತೀರಿ ಎಂಬುದೂ ಮುಖ್ಯ. ಭಾರವಾದದ್ದು ಕ್ಯಾಬಿನ್ ಗೋಡೆಗೆ ತಾಗಿದಂತೆ ಇರಲಿ. ಹಿಂಬಾಗಿಲ ಬಳಿ ಪೇರಿಸಿದರೆ ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ತೇಲುತ್ತದೆ, ಹಿಂದಿನ ಟೈರು ಬೇಗ ಸವೆಯುತ್ತದೆ.

ಮುಂದಿನ ಟೈರು ಒಂದೇ ಬದಿ ಸವೆದಿದೆ. ಟೈರಿನ ದೋಷವೇ?

ಬಹುತೇಕ ಅಲ್ಲ. ಸವೆದ ರೀತಿಯೇ ಕಾರಣ ಹೇಳುತ್ತದೆ, ಕಣ್ಣಿಗಿಂತ ಅಂಗೈ ಚೆನ್ನಾಗಿ ಓದುತ್ತದೆ. ಟೈರಿನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಟೋ ತಪ್ಪಿದೆ: ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ, ಓಡುತ್ತಲೇ ಪಕ್ಕಕ್ಕೆ ಉಜ್ಜಿಕೊಳ್ಳುತ್ತಿವೆ. ಗರಗಸವಿಲ್ಲದೆ ಒಂದೇ ಅಂಚು ನುಣ್ಣಗಾಗಿದ್ದರೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು), ಬಾಲ್ ಜಾಯಿಂಟ್, ಕಿಂಗ್‌ಪಿನ್, ಬೇರಿಂಗ್ ನೋಡಿಸಿ. ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಹೋಗಿದೆ, ಅಥವಾ ಬ್ಯಾಲೆನ್ಸ್ ಇಲ್ಲ, ಅಂದರೆ ಚಕ್ರದ ಸುತ್ತ ತೂಕ ಸಮವಾಗಿಲ್ಲ. ಒಂದೇ ಕಡೆ ಅಂಗೈ ಅಗಲದ ಚಪ್ಪಟೆ ಕಲೆ ಇದ್ದರೆ ಬ್ರೇಕ್ ಕಚ್ಚಿ ಚಕ್ರ ತಿರುಗದೆ ಉಜ್ಜಿದೆ.

ಘಾಟಿಯಲ್ಲಿ ದಿನವೂ ಓಡುವ ಗಾಡಿಯಲ್ಲಿ ಮುಂದಿನ ಎರಡೂ ಟೈರುಗಳ ಹೊರ ಭುಜ ತುಸು ಹೆಚ್ಚು ಸವೆಯುವುದು ಸಹಜ. ತಿರುವಿನಲ್ಲಿ ಭಾರವೆಲ್ಲ ಹೊರ ಅಂಚಿಗೆ ವಾಲುತ್ತದೆ. ಎರಡೂ ಬದಿ ಒಂದೇ ಸಮ ಸವೆದಿದ್ದರೆ ಗಾಬರಿ ಬೇಡ, ಟೈರುಗಳನ್ನು ಬೇಗ ಅದಲು ಬದಲು ಮಾಡಿ. ಎಡಕ್ಕೂ ಬಲಕ್ಕೂ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ಕಾರಣ ಹುಡುಕಿ.

ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಯಾವಾಗ ಮಾಡಿಸಬೇಕು?

10,000 ಕಿ.ಮೀ.ಗೊಮ್ಮೆ, ಹಾಗೂ ದೊಡ್ಡ ಗುಂಡಿಗೋ ಮೋರಿಯ ಅಂಚಿಗೋ ಬಲವಾಗಿ ಬಡಿದಾಗ, ಸ್ಟಿಯರಿಂಗ್ ಭಾಗ ಬದಲಿಸಿದಾಗ. ಮಳೆಗಾಲ ಮುಗಿದ ಮೇಲೆ ಒಮ್ಮೆ ಮಾಡಿಸಿದರೆ ರಸ್ತೆ ಗುಂಡಿಗಳು ಮಾಡಿದ ಹಾನಿಯೆಲ್ಲ ಒಟ್ಟಿಗೆ ಸರಿಹೋಗುತ್ತದೆ. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಸುತ್ತಮುತ್ತ ಇಂಥ ಕೆಲಸದವರು ಬೇಕಾದಷ್ಟು ಇದ್ದಾರೆ. ಸ್ಟಿಯರಿಂಗಿನ ಟೈ ರಾಡ್ ಎಂಡ್ ಸಡಿಲ ಇದ್ದರೆ ಅದನ್ನು ಬದಲಿಸದೆ ಅಲೈನ್‌ಮೆಂಟ್ ಮಾಡಿಸಿ ಫಲವಿಲ್ಲ, ಮೊದಲ ಗುಂಡಿಗೇ ಮತ್ತೆ ತಪ್ಪುತ್ತದೆ. ಮುದ್ರಿತ ರೀಡಿಂಗ್ ಚೀಟಿ ಕೇಳಿ ಪಡೆಯಿರಿ.

ಬ್ಯಾಲೆನ್ಸಿಂಗ್‌ಗೆ ಹೋಗುವ ಮುನ್ನ ಡಿಸ್ಕಿನ ಒಳಬದಿಯನ್ನು ನೀರು ಹೊಡೆದು ತೊಳೆಯಿರಿ. ಕೆಮ್ಮಣ್ಣು ಒಳಗೆ ಅಂಟಿ ಒಣಗಿ ಗಟ್ಟಿಯಾಗಿರುತ್ತದೆ. ಅದು ಇರುವಾಗಲೇ ತೂಕ ಅಂಟಿಸಿದರೆ, ನಾಳೆ ಮಣ್ಣು ಉದುರಿದ ಕೂಡಲೇ ಸ್ಟಿಯರಿಂಗ್ ನಡುಗತೊಡಗುತ್ತದೆ. ಎಷ್ಟೋ ಸಲ ತೊಳೆದ ಮಾತ್ರಕ್ಕೇ ನಡುಕ ನಿಲ್ಲುತ್ತದೆ.

ಟೈರು ಅದಲು ಬದಲು ಮಾಡುವ ಸರಿಯಾದ ಕ್ರಮ ಯಾವುದು?

8,000ದಿಂದ 10,000 ಕಿ.ಮೀ.ಗೊಮ್ಮೆ. ಘಾಟಿಯ ಗಾಡಿಗೆ 6,000ಕ್ಕೇ ಮಾಡಿ. ಹಿಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಹಿಂದಿನವು ನೇರ ಮುಂದಕ್ಕೆ ಬರಲಿ, ಮುಂದಿನವು ಎಡ ಬಲ ಅಡ್ಡ ಹಾಯ್ದು ಹಿಂದಕ್ಕೆ ಹೋಗಲಿ. ಗೋಡೆಯ ಮೇಲೆ ತಿರುಗುವ ದಿಕ್ಕಿನ ಬಾಣ ಇರುವ ಟೈರಾದರೆ ಅಡ್ಡ ಹಾಯಿಸದೆ ಅದೇ ಬದಿಯಲ್ಲೇ ಹಿಂದೆ ಮುಂದೆ ಮಾಡಿ. ಸ್ಟೆಪ್ನಿ ಅದೇ ಅಳತೆಯದಾದರೆ ಅದನ್ನೂ ಸುತ್ತಿಗೆ ಸೇರಿಸಿ, ಐದೂ ಒಂದೇ ಸಮ ಸವೆಯುತ್ತವೆ. ಹಿಂದೆ ಜೋಡಿ ಚಕ್ರ ಇದ್ದರೆ, ಅಥವಾ ಮುಂದೆ ಹಿಂದೆ ಟೈರಿನ ಅಳತೆಯೇ ಬೇರೆ ಇದ್ದರೆ ಮ್ಯಾನುಯಲ್ ಹೇಳಿದಂತೆ ಮಾಡಿ.

ಮನೆಯಂಗಳದಲ್ಲೇ ಮಾಡುವವರಿಗೆ: ಸಮನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಮಳೆಗಾಲದ ಮಣ್ಣಿನಲ್ಲಿ ಜ್ಯಾಕ್ ಕುಸಿಯುತ್ತದೆ, ಅಡಿಗೆ ಎರಡಿಂಚು ದಪ್ಪದ ಹಲಗೆ ಇಡಿ. ಚಕ್ರ ಬಿಚ್ಚಿದ ಮೇಲೆ ಹಬ್ ಮತ್ತು ಡಿಸ್ಕ್ ತಾಗುವ ಮುಖಗಳ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ತುಕ್ಕಿನ ಮೇಲೆ ಬಿಗಿದ ನಟ್ಟು ಬೇಗ ಸಡಿಲಾಗಬಹುದು. ಬಿಗಿಯುವಾಗ ಒಂದರ ಪಕ್ಕ ಒಂದಲ್ಲ, ಎದುರು ಬದುರಾಗಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಕೊನೆಯದು, ಎಲ್ಲರೂ ಮರೆಯುವುದು: ಹಿಂದಿನಿಂದ ಮುಂದೆ ಬಂದ ಟೈರಿನಲ್ಲಿ 60 ಪಿಎಸ್‌ಐ ಇನ್ನೂ ಇರುತ್ತದೆ. ಹೊಸ ಜಾಗಕ್ಕೆ ತಕ್ಕಂತೆ ಗಾಳಿ ಸರಿಪಡಿಸಿ.

ಘಾಟಿ ಓಡಾಟ ಟೈರನ್ನು ಎಷ್ಟು ತಿನ್ನುತ್ತದೆ?

ಬಹಳ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ಹೇರ್‌ಪಿನ್ ತಿರುವುಗಳಲ್ಲಿ, ಹುಲಿಕಲ್‌ನ ಬಾಳೆಬರೆ ಇಳಿಜಾರಿನಲ್ಲಿ ಟೈರು ಉರುಳುವುದಕ್ಕಿಂತ ಉಜ್ಜುವುದೇ ಹೆಚ್ಚು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದರಲ್ಲೇ ಇಳಿಯಿರಿ. ಬ್ರೇಕ್ ಮೇಲೆಯೇ ಕಾಲಿಟ್ಟು ಇಳಿದರೆ ಡ್ರಮ್ಮಿನ ಬಿಸಿ ಡಿಸ್ಕಿಗೆ, ಅಲ್ಲಿಂದ ಟೈರಿನ ಬುಡಕ್ಕೆ (ಡಿಸ್ಕಿನ ಮೇಲೆ ಕೂರುವ ಅಂಚಿಗೆ) ಹಾಯುತ್ತದೆ. ಟ್ಯೂಬಿದ್ದರೆ ವಾಲ್ವಿನ ಬುಡದ ರಬ್ಬರು ಮೆತ್ತಗಾಗುತ್ತದೆ. ಇಳಿದ ಕೂಡಲೇ ಬಿಸಿ ಡಿಸ್ಕಿಗೆ ತಣ್ಣೀರು ಸುರಿಯಬೇಡಿ, ಡ್ರಮ್ ಬಿರುಕು ಬಿಡುತ್ತದೆ. ನಿಂತ ಗಾಡಿಯ ಸ್ಟಿಯರಿಂಗ್ ತಿರುಗಿಸುವ ಅಭ್ಯಾಸವನ್ನೂ ಬಿಡಿ. ತುಂಬಿದ ಗಾಡಿಯ ಮುಂದಿನ ಟೈರು ಒಂದೇ ಜಾಗದಲ್ಲಿ ಅರೆದುಹೋಗುತ್ತದೆ.

ತೋಟದ ರಸ್ತೆಯಲ್ಲಿ ಟೈರು ಹಾಳಾಗುವುದನ್ನು ತಡೆಯುವುದು ಹೇಗೆ?

ಅಲ್ಲಿ ಸವೆತಕ್ಕಿಂತ ಕಡಿತ ದೊಡ್ಡ ಶತ್ರು. ಗೆರೆಯೊಳಗೆ ಸಿಕ್ಕಿಕೊಂಡ ಚೂಪು ಜೆಲ್ಲಿ ಪ್ರತಿ ಸುತ್ತಿಗೂ ಒಂದಿಷ್ಟು ಒಳಗೆ ಕೊರೆಯುತ್ತಾ ಉಕ್ಕಿನ ಪದರ ಮುಟ್ಟುತ್ತದೆ. ಅಲ್ಲಿಂದ ಮಳೆನೀರು ಒಳಸೇರಿ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ, ತುಕ್ಕು ಹರಡಿ ಪದರ ಬಿಡುತ್ತದೆ, ತಿಂಗಳುಗಳ ನಂತರ ಟೈರಿನ ಮೇಲೆ ಗೆಡ್ಡೆ ಏಳುತ್ತದೆ. ಆಗ ದೂರುವುದು ಕಂಪನಿಯನ್ನು. ವಾರಕ್ಕೊಮ್ಮೆ ಮೊಂಡು ಸ್ಕ್ರೂಡ್ರೈವರ್ ಹಿಡಿದು ಕಲ್ಲುಗಳನ್ನು ಕೀಳಿ, ಐದು ನಿಮಿಷದ ಕೆಲಸ. ಉಕ್ಕು ಕಾಣುವಷ್ಟು ಆಳದ ಕಡಿತವಿದ್ದರೆ ಟೈರು ಬಿಚ್ಚಿಸಿ ಒಳಗಿನಿಂದಲೂ ನೋಡಿಸಿ.

ಹೂತಾಗ ಎಕ್ಸಲರೇಟರ್ ಒತ್ತಿ ಚಕ್ರ ತಿರುಗಿಸುತ್ತಲೇ ಇರುವುದು ಟೈರಿಗೆ ಅತಿ ದುಬಾರಿ. ಅಡಿಯಲ್ಲಿ ಕಲ್ಲು ಸಿಕ್ಕರೆ ಕೆಲವೇ ನಿಮಿಷದಲ್ಲಿ ಟೈರಿನ ಬಟನ್‌ಗಳು (ರಬ್ಬರು ಉಬ್ಬುಗಳು) ಕಿತ್ತು ಬರುತ್ತವೆ. ಇಳಿದು, ಚಕ್ರದ ಮುಂದಿನ ಮಣ್ಣು ಕೆತ್ತಿ, ಸೊಪ್ಪು ಸೋಗೆ ಹಾಕಿ, ಎರಡನೇ ಗೇರಿನಲ್ಲಿ ನಿಧಾನಕ್ಕೆ ಎತ್ತಿ. ಸರಪಳಿ ಕಟ್ಟುವವರು ಟಾರು ರಸ್ತೆ ಸಿಕ್ಕ ಕೂಡಲೇ ಬಿಚ್ಚಬೇಕು. ಗಟ್ಟಿ ನೆಲದ ಮೇಲೆ ಸರಪಳಿ ರಬ್ಬರನ್ನೇ ಕಡಿಯುತ್ತದೆ.

ಪಂಚರ್ ಹಾಕಿಸಿದ ಎರಡೇ ದಿನಕ್ಕೆ ಅದೇ ಟೈರು ಮತ್ತೆ ಕೂರುತ್ತದೆ. ಯಾಕೆ?

ಬಿದಿರು ಮುಳ್ಳು. ಅದು ಟೈರಿನೊಳಗೇ ಮುರಿದು ಉಳಿಯುತ್ತದೆ, ಹೊರಗೆ ಕಾಣುವುದಿಲ್ಲ. ಟ್ಯೂಬ್ ತೆಗೆದ ಮೇಲೆ ಟೈರಿನ ಒಳಗೋಡೆಯನ್ನು ಹತ್ತಿ ಬಟ್ಟೆಯಿಂದ ಸುತ್ತಲೂ ಒರೆಸಿದರೆ ಮುಳ್ಳಿನ ತುದಿಗೆ ನೂಲು ಸಿಕ್ಕಿ ಜಾಗ ತೋರಿಸುತ್ತದೆ. ಇಕ್ಕುಳದಲ್ಲಿ ಹಿಡಿದು ಒಳಗಿನಿಂದಲೇ ಎಳೆಯಿರಿ.

ಟ್ಯೂಬ್‌ಲೆಸ್ ಟೈರಿಗೆ ದಾರಿಯಲ್ಲಿ ದಾರದ ಪ್ಲಗ್ ತುರುಕಿಸಿಕೊಳ್ಳುವುದು ಊರು ಸೇರುವಷ್ಟಕ್ಕೆ ಸರಿ. ಲೋಡ್ ಹೊರುವ ಟೈರಿಗೆ ಬಿಚ್ಚಿ ಒಳಗಿನಿಂದ ಅಣಬೆ ಪ್ಯಾಚ್ ಹಾಕಿಸಿ. ತೂತು 6 ಮಿ.ಮೀ.ಗಿಂತ ದೊಡ್ಡದಿದ್ದರೆ, ಭುಜದಲ್ಲೋ ಗೋಡೆಯಲ್ಲೋ ಇದ್ದರೆ ಯಾವ ಪ್ಯಾಚೂ ನಂಬಿಕೆಗೆ ಅರ್ಹವಲ್ಲ.

ಟ್ಯೂಬಿನ ಟೈರಿನಲ್ಲಿ ವಾಲ್ವ್ ನೇರ ನಿಲ್ಲದೆ ಓರೆಯಾಗಿದ್ದರೆ ಗಾಳಿ ಕಡಿಮೆಯಾಗಿ ಟೈರು ಡಿಸ್ಕಿನ ಮೇಲೆ ಜರುಗಿ ಟ್ಯೂಬನ್ನು ಎಳೆದಿದೆ ಎಂದರ್ಥ. ಬಿಟ್ಟರೆ ವಾಲ್ವೇ ಕಿತ್ತು ಬರುತ್ತದೆ. ಹೊಸ ಟೈರಿಗೆ ಹೊಸ ಟ್ಯೂಬನ್ನೇ ಹಾಕಿ. ಹಳೆಯದು ಹಿಗ್ಗಿ ದೊಡ್ಡದಾಗಿರುತ್ತದೆ, ಒಳಗೆ ಮಡಚಿಕೊಂಡು ಮಡಿಕೆಯಲ್ಲೇ ಸೀಳುತ್ತದೆ.

ಎರಡೇ ಹೊಸ ಟೈರು ಕೊಳ್ಳಲು ಸಾಧ್ಯ. ಮುಂದೆ ಹಾಕಲೇ, ಹಿಂದೆ ಹಾಕಲೇ?

ಹಿಂದೆ. ಮುಂದಿನ ಟೈರು ಸಿಡಿದರೆ ಗಾಡಿ ಕೈಗೆ ಸಿಗುವುದಿಲ್ಲ ಎಂಬ ಭಯದಿಂದ ಹೆಚ್ಚಿನವರು ಹೊಸದನ್ನು ಮುಂದೆ ಹಾಕಿಸುತ್ತಾರೆ. ಆದರೆ ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಗಾಡಿ ನೇರ ಹೋಗುತ್ತದೆ, ವೇಗ ಇಳಿಸಿದಾಗ ಹಿಡಿತ ಮರಳುತ್ತದೆ. ಹಿಂದಿನ ಚಕ್ರ ಜಾರಿದರೆ ಗಾಡಿಯೇ ಸುತ್ತುತ್ತದೆ, ಹಿಡಿಯಲಾಗದು. ಖಾಲಿ ಪಿಕಪ್‌ನ ಹಿಂಭಾಗ ಮೊದಲೇ ಹಗುರ. ಆದರೂ ಮುಂದೆ ಉಳಿಯುವ ಜೋಡಿ 3 ಮಿ.ಮೀ. ಮೇಲಿರಬೇಕು, ಗೋಡೆಯಲ್ಲಿ ಬಿರುಕು, ಗೆಡ್ಡೆ ಇರಬಾರದು. ಇದ್ದರೆ ನಾಲ್ಕನ್ನೂ ಬದಲಿಸುವ ಕಾಲ ಬಂದಿದೆ. ಹೊಸ ಟೈರಿನ ಮೇಲೆ ಅಚ್ಚಿನ ಎಣ್ಣೆಯ ನುಣುಪು ಇರುತ್ತದೆ, ಮೊದಲ 300 ಕಿ.ಮೀ. ಮಳೆಯಲ್ಲಿ ನಿಧಾನ.

ದೊಡ್ಡ ಅಳತೆಯ ಟೈರು, ಕಚ್ಚು ಟೈರು ಹಾಕಿಸಬಹುದೇ? ನೈಲಾನ್ ಸಾಕೇ?

215/75 ಆರ್15 ಟೈರಿನ ವ್ಯಾಸ ಸುಮಾರು 703 ಮಿ.ಮೀ. ಅದರ ಬದಲು 235/75 ಆರ್15 ಹಾಕಿದರೆ 733, ಅಂದರೆ ಶೇ. 4ಕ್ಕಿಂತ ತುಸು ಹೆಚ್ಚು. ಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ, ಏರಿನಲ್ಲಿ ಎಳೆತ ತಗ್ಗುತ್ತದೆ, ಬ್ರೇಕಿಗೆ ಕೆಲಸ ಹೆಚ್ಚುತ್ತದೆ. ಆರ್‌ಸಿ ಮತ್ತು ಕಂಪನಿ ಒಪ್ಪಿದ ಅಳತೆ ಬಿಟ್ಟು ಹೋಗಬೇಡಿ. ಅದೇ ಅಳತೆಯ ಕಾರು ಟೈರು ಅಗ್ಗಕ್ಕೆ ಸಿಕ್ಕರೂ ಸರಕು ಗಾಡಿಗೆ ಬೇಡವೇ ಬೇಡ, ಎಲ್‌ಟಿ ದರ್ಜೆಯೇ ಬೇಕು.

ವರ್ಷದಲ್ಲಿ ಆರು ತಿಂಗಳು ಮಣ್ಣಿನ ಹಾದಿಯಲ್ಲೇ ಇರುವ ಗಾಡಿಗೆ ಹಿಂದೆ ಕಚ್ಚು ಟೈರು ಒಳ್ಳೆಯದು. ಹೆದ್ದಾರಿಯಲ್ಲೇ ಹೆಚ್ಚು ಓಡುವವರಿಗೆ ಅದು ನಷ್ಟ: ಸದ್ದು, ಕಡಿಮೆ ಮೈಲೇಜ್, ಒದ್ದೆ ಟಾರಿನಲ್ಲಿ ಕಡಿಮೆ ಹಿಡಿತ. ಉಕ್ಕಿನ ಪದರವಿಲ್ಲದ ನೈಲಾನ್ ಟೈರಿನ ಗೋಡೆ ಕಲ್ಲಿಗೆ ಗಟ್ಟಿ, ಆದರೆ ಬೇಗ ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಒಂದೇ ಆಕ್ಸಲಿನಲ್ಲಿ ನೈಲಾನ್, ರೇಡಿಯಲ್ ಬೆರೆಸುವುದು ಅಪಾಯ.

ಸವೆದ ಟೈರಿಗೆ ರೀಸೋಲ್ (ಹೊಸ ರಬ್ಬರು ಪದರ) ಮಾಡಿಸಬಹುದೇ?

ಗೋಡೆ ಗಟ್ಟಿ ಇದ್ದು, ಕಡಿತ ಇಲ್ಲದೆ, ಉಕ್ಕು ಕಾಣುವ ಮೊದಲೇ ತೆಗೆದ ಟೈರಿಗೆ ಒಮ್ಮೆ ಮಾಡಿಸಬಹುದು. ಹಿಂದಿನ ಚಕ್ರಕ್ಕೆ ಮಾತ್ರ. ದಿನವೂ ಘಾಟಿ ಇಳಿಯುವ, ಮಿತಿ ಮೀರಿ ಲೋಡ್ ಹೊರುವ ಗಾಡಿಗೆ ಬೇಡ.

ಗಾಡಿ ಹೆಚ್ಚು ಓಡಿಲ್ಲ, ಟೈರಿಗೆ ಆರು ವರ್ಷ. ಬದಲಿಸಬೇಕೇ?

ಗೋಡೆಯ ಮೇಲೆ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿಸಿ. ಹತ್ತು ವರ್ಷವಾದರೆ ಎಷ್ಟೇ ಗೆರೆ ಉಳಿದಿದ್ದರೂ ತೆಗೆಯಿರಿ. ಗೋಡೆಯಲ್ಲಿ, ಗೆರೆಗಳ ಬುಡದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಬಿರುಕು ಇದ್ದರೆ ವರ್ಷ ಲೆಕ್ಕಕ್ಕಿಲ್ಲ, ಈಗಲೇ ಬದಲಿಸಿ. ಮಳೆಗಾಲವಿಡೀ ನಿಲ್ಲುವ ಗಾಡಿಯನ್ನು ಒದ್ದೆ ಮಣ್ಣಿನ ಮೇಲೆ, ಗೊಬ್ಬರದ ಗುಂಡಿಯ ಬಳಿ ನಿಲ್ಲಿಸಬೇಡಿ, ಡಿಸ್ಕಿನ ಅಂಚು ತುಕ್ಕು ಹಿಡಿದು ಟ್ಯೂಬ್‌ಲೆಸ್ ಗಾಳಿ ಸೋರುತ್ತದೆ. ಪೂರ್ತಿ ಗಾಳಿ ಹಿಡಿಸಿ, ಹದಿನೈದು ದಿನಕ್ಕೊಮ್ಮೆ ಒಂದಡಿಯಾದರೂ ಮುಂದಕ್ಕೆ ಸರಿಸಿ.

ಸ್ಟೆಪ್ನಿಯ ವಿಷಯ?

ತೊಟ್ಟಿಯ ಅಡಿ ನೇತಾಡುವ ಸ್ಟೆಪ್ನಿಯ ಸರಪಳಿ ಕೆಸರು ತಿಂದು ತುಕ್ಕು ಹಿಡಿದು, ಬೇಕಾದಾಗ ಕೆಳಗಿಳಿಯುವುದಿಲ್ಲ. ಮಳೆಗಾಲಕ್ಕೆ ಮೊದಲೊಮ್ಮೆ, ನಂತರವೊಮ್ಮೆ ಇಳಿಸಿ ಗ್ರೀಸ್ ಹಚ್ಚಿ. ಪಟ್ಟಿಯಲ್ಲಿರುವ ಅತಿ ಹೆಚ್ಚಿನ ಅಂಕಿಯಷ್ಟು ಗಾಳಿ ಇಡಿ, ಯಾವ ಜಾಗಕ್ಕೆ ಬೇಕಾದರೂ ಬಿಟ್ಟು ಸರಿಮಾಡಬಹುದು.

ಕಂಪನಿ ಟೈರು ಬೇಗ ಹಾಳಾದರೆ ವಾರಂಟಿ ಸಿಗುತ್ತದೆಯೇ?

ಟೈರಿನ ವಾರಂಟಿ ಸಾಮಾನ್ಯವಾಗಿ ಟೈರು ಕಂಪನಿಯದ್ದು, ಗಾಡಿ ಕಂಪನಿಯದ್ದಲ್ಲ. ತಯಾರಿಕೆಯ ದೋಷಕ್ಕೆ ಮಾತ್ರ ಅನ್ವಯ: ಪದರ ಬಿಡುವುದು, ಬುಡದ ತಂತಿ ಸಡಿಲಾಗುವುದು ಇಂಥವು. ಬೇಗ ಸವೆಯಿತು, ಗುಂಡಿಗೆ ಬಡಿದು ಗೋಡೆಯಲ್ಲಿ ಗೆಡ್ಡೆ ಬಂತು, ಕಲ್ಲು ಕಡಿಯಿತು ಎಂದರೆ ಒಪ್ಪುವುದಿಲ್ಲ. ಒಪ್ಪಿದರೂ ಉಳಿದ ಗೆರೆಯ ಆಳಕ್ಕೆ ತಕ್ಕ ರಿಯಾಯಿತಿಯೇ ಹೊರತು ಪೂರ್ತಿ ಹೊಸ ಟೈರಲ್ಲ. 9ರಲ್ಲಿ 6 ಮಿ.ಮೀ. ಉಳಿದಾಗ ಹೋದವರಿಗೂ, 2.5 ಉಳಿದಾಗ ಹೋದವರಿಗೂ ಸಿಗುವ ಮೊತ್ತದಲ್ಲಿ ಬಹಳ ಅಂತರ. ಆದ್ದರಿಂದ ಅನುಮಾನ ಬಂದ ದಿನವೇ ಹೋಗಿ. ಗಾಡಿಯ ಇನ್‌ವಾಯ್ಸ್, ಟೈರಿನ ಸರಣಿ ಸಂಖ್ಯೆಯ ಫೋಟೊ, ಅಲೈನ್‌ಮೆಂಟ್ ಚೀಟಿಗಳು ಜೊತೆಗಿರಲಿ. ಕಂಪನಿಯ ಪರೀಕ್ಷಕರು ನೋಡುವ ಮೊದಲು ಟೈರನ್ನು ಕತ್ತರಿಸಿ ಒಳಗೆ ಏನಾಗಿದೆ ನೋಡುವ ಪ್ರಯತ್ನ ಬೇಡ, ಅಲ್ಲಿಗೇ ಕ್ಲೇಮ್ ಮುಗಿಯುತ್ತದೆ.

ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಟೈರು ನೋಡುತ್ತಾರೆಯೇ?

ನೋಡುತ್ತಾರೆ. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಎಫ್‌ಸಿಗೆಂದು ಬಾಡಿಗೆ ಟೈರು ಹಾಕಿಸಿಕೊಂಡು ಹೋಗಿ, ಮರಳಿ ನುಣ್ಣಗಿನ ಟೈರಿಗೆ ಬದಲಿಸುವ ಪದ್ಧತಿ ಕೆಲವೆಡೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಅಪಘಾತವಾದಾಗ ವಿಮೆಯ ಸರ್ವೇಯರ್ ನೋಡುವುದು ಅಂದು ಗಾಡಿಯಲ್ಲಿದ್ದ ಟೈರನ್ನು.